ಯಾರ ಹೆಸರಿಗೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟಿಗೆ ಸಿಕ್ಕಿಸಿದ್ದ ಹಾಲಿನ ಚೀಲ ಕೈಗೆ ತಾಕಿದ ಮೇಲೆಯೇ ಕಣ್ಣಿಗೆ ಕಂಡದ್ದು. ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು ಒಳಗೆ ಬಂದೆ. ಯಜಮಾನರು ವಿಭೂತಿ ಧರಿಸಿ ದೇವರ ಕೋಣೆಯಿಂದ ಹೊರಬರುವಾಗ ಮೊದಲ ಅಕ್ಕಿರೊಟ್ಟಿ ಹಂಚಿನ ಮೇಲಿರಬೇಕು. ನಮ್ಮ ಮನೆಯ ಗಡಿಯಾರ ಅದೇ. ಅವರದು ಕುಶಾಲನಗರದ ಪೇಟೆಯಲ್ಲಿ ಶುಂಠಿ ವ್ಯಾಪಾರ. ಶುಂಠಿ ಕೀಳುವ ಕಾಲದಲ್ಲಿ ಅವರ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಮಗಳ ದುಪಟ್ಟಾಗಳಿಗೂ ಹಸಿಮಣ್ಣಿನ ವಾಸನೆ ಹತ್ತಿಬಿಡುತ್ತದೆ. ಅವತ್ತೂ ನೆನೆಸಿಟ್ಟೆ.

ಮಗಳು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ನನಗೆ ಬೆನ್ನು ಕೊಟ್ಟು ಕುಳಿತಳು. ಬಿಎಸ್‌ಸಿ ಎರಡನೆಯ ವರ್ಷ, ಆದರೂ ಜಡೆ ನಾನೇ ಹಾಕಬೇಕು. ಕಳೆದ ಮಳೆಗಾಲದಲ್ಲಿ ಟೈಫಾಯಿಡ್ ಬಂದು ಮಲಗಿ ಎದ್ದ ಮೇಲೆ ಅವಳ ಜಡೆ ನನ್ನ ಕಿರುಬೆರಳಿನಷ್ಟಾಗಿದೆ.

"ಬಿಗಿ ಹಾಕ್ಬೇಡಮ್ಮ, ಇರೋ ನಾಲ್ಕು ಕೂದ್ಲೂ ನಿನ್ನ ಕೈಗೇ ಬರುತ್ತೆ."

"ಇವತ್ತು ಪ್ರಾಕ್ಟಿಕಲ್ ಅಂದೆಯಲ್ಲ. ಆಸಿಡ್ಡು ಗೀಸಿಡ್ಡಿನ ಹತ್ರ ಕೂದ್ಲು ಬಿಟ್ಕೊಂಡು ನಿಲ್ತೀಯಾ?"

"ನಮ್ಮ ಲ್ಯಾಬಲ್ಲಿ ಆಸಿಡ್ ಕಂಡೋರೇ ಇಲ್ಲ. ಬರೀ ಬಾಟಲಿ."

ಒಳಗಿನಿಂದ ಅವರಪ್ಪ ನಕ್ಕರು. ಅವಳು ಮಡಿಕೇರಿ ಬಸ್ಸಿಗೆ ಹೊರಟಳು. ನಮ್ಮ ಬಡಾವಣೆಯ ಕೊನೆಯಲ್ಲಿ, ಹೊಲಿಗೆ ಅಂಗಡಿಯ ಎದುರು ಬಸ್ಸು ನಿಲ್ಲುತ್ತದೆ. ಗೇಟಿನಲ್ಲಿ ನಿಂತು ಅವಳು ಅಲ್ಲಿಯವರೆಗೆ ಹೋಗುವುದನ್ನು ನೋಡುವುದು ನನ್ನ ರೂಢಿ. ಅವತ್ತು ಪಕ್ಕದ ಮನೆಯ ಕಾಂಪೌಂಡು ದಾಟುವಷ್ಟರಲ್ಲೇ ಮಂಜು ಅವಳನ್ನು ಮುಚ್ಚಿತು. ಬಸ್ಸಿನ ಬಾಗಿಲು ಬಡಿದ ಸದ್ದು ಕೇಳಿದ ಮೇಲೆ, ಹತ್ತಿರಬೇಕು ಅಂದುಕೊಂಡೆ.

"ಗೂಡೆ ಹೋಯ್ತಾ ಅಕ್ಕಾ?"

ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ದಾಸವಾಳ ಕೊಯ್ಯುತ್ತಿದ್ದರು. ಅವರ ಮನೆಮಾತು ಅರೆಭಾಷೆ. ಅದರಲ್ಲಿ ಗೂಡೆ ಎಂದರೆ ಹುಡುಗಿ. ಗಂಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ಎಸ್ಟೇಟಿನಲ್ಲಿ ಆಳುಗಳ ಹಾಜರಿಯನ್ನೆಲ್ಲ ಗಂಡ ನೋಡಿಕೊಂಡರೆ, ಅವರ ಮನೆಗಳ ಮದುವೆ ಮುಂಜಿಗಳನ್ನೆಲ್ಲ ಈಕೆ ನೋಡಿಕೊಂಡವರು. ಆ ಚಟ ಇಲ್ಲಿಗೆ ಬಂದರೂ ಬಿಟ್ಟಿಲ್ಲ.

"ಜಾತಕ ಹೊರಗೆ ತೆಗೀರಿ ಮಾರಾಯ್ತಿ. ಶನಿವಾರಸಂತೆ ಕಡೆ ನಿಮ್ಮವರೇ ಒಬ್ರು ಇದ್ದಾರೆ. ತೋಟ ಉಂಟು, ಗದ್ದೆ ಉಂಟು, ಹುಡುಗನಿಗೆ ಕುಡಿಯೋ ಅಭ್ಯಾಸ ಇಲ್ಲ. ಕೊಡಗಲ್ಲಿ ಇಂಥದ್ದು ಎಲ್ಲಿ ಸಿಕ್ತದೆ? ಗೂಡೆದು ನಕ್ಷತ್ರ ಯಾವುದು ಹೇಳಿ, ಸಾಕು."

"ಓದು ಮುಗೀಲಿ, ನೋಡೋಣ," ಎಂದು ನಕ್ಕು ಒಳಗೆ ಬಂದೆ.

ಅವರು ಇದನ್ನು ಕೇಳಿದ್ದು ಅದೇ ಮೊದಲಲ್ಲ, ನಾನು ತಪ್ಪಿಸಿಕೊಂಡದ್ದೂ ಮೊದಲಲ್ಲ. ನನ್ನ ಮಗಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು ಎಂಬ ಮಾತೊಂದಿದೆ. ಅವಳು ಹುಟ್ಟಿದಾಗ ನಮ್ಮತ್ತೆ ಬಾಣಂತಿ ಕೋಣೆಯ ಬಾಗಿಲು ಮುಂದೆ ಮಾಡಿ, "ಇದು ಈ ಗೋಡೆ ದಾಟಬಾರದು ಕಣಮ್ಮ," ಎಂದಿದ್ದರು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ನಂಬುವವರ ಮನೆಗೆ ಅವಳು ನಾಳೆ ಹೋಗಬೇಕಾಗಬಹುದಲ್ಲ. ಅತ್ತೆ ತೀರಿಕೊಂಡ ಮೇಲೆ ಅದು ಗೊತ್ತಿದ್ದದ್ದು ನಮ್ಮ ಮೂವರಿಗೆ, ಮತ್ತೆ ನಾವು ನಡೆದುಕೊಳ್ಳುವ ಈಶ್ವರನ ಗುಡಿಯ ಅರ್ಚಕರಿಗೆ. ಅರ್ಚನೆಗೆ ಹೇಳಲೇಬೇಕಲ್ಲ. ಮಳೆಗಾಲದವರೆಗೆ ಅಷ್ಟೇ ಜನಕ್ಕೆ ಗೊತ್ತಿತ್ತು.

ಟೈಫಾಯಿಡಿನ ಜ್ವರ ಇಳಿದು ಅವಳು ಮೊದಲ ಸಲ ಗಂಜಿ ಕುಡಿದ ದಿನ ಅದು. ಹೊರಗೆ ಮಳೆ, ಕರೆಂಟು ಇರಲಿಲ್ಲ. ಮೊಬೈಲಿಗೆ ಒಂದು ಕರೆ ಬಂತು. ಎಳೆ ದನಿಯ ಹುಡುಗಿ, ಶುದ್ಧ ಕನ್ನಡ. ದೊಡ್ಡ ಕಾಯಿಲೆಯ ಮಕ್ಕಳು, ಚಿಕಿತ್ಸೆಗೆ ಊರು ಬಿಟ್ಟು ಬಂದವರು, ಅವರಿಗೆ ಒಂದು ದಿನದ ಊಟ ಕೊಡುತ್ತೀರಾ ಮೇಡಂ, ಎಂದಳು. ಎದುರಿಗೆ ನನ್ನ ಮಗಳು ಬಟ್ಟಲಿನ ತಳದ ಗಂಜಿಯನ್ನು ಬೆರಳಿನಿಂದ ಬಳಿಯುತ್ತಿದ್ದಳು. ಹೂಂ ಎಂದೆ. ಹಣ ಫೋನಿನಲ್ಲೇ ಕಳಿಸಿದೆ. ಹುಡುಗಿ ಕೇಳಿದಳು:

"ಯಾರ ಹೆಸರಿಗೆ ಮೇಡಂ?"

ಅವಳು ಕೇಳಿದ್ದು ರಸೀದಿಗೆ. ನನ್ನ ಕಿವಿಗೆ ಅದು ಗುಡಿಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಅರ್ಚಕರ ಪ್ರಶ್ನೆಯಾಗಿ ಕೇಳಿತು. ಕಣ್ಣು ಮುಚ್ಚಿಕೊಂಡೇ ಹೇಳಿದ್ದೆನೋ ಏನೋ. ಮಗಳ ಹೆಸರು, ಮೂಲಾ ನಕ್ಷತ್ರ, ಧನು ರಾಶಿ, ಮಡಿಕೇರಿಯಲ್ಲಿ ಓದುತ್ತಿದ್ದಾಳೆ, ಟೈಫಾಯಿಡ್ ಆಗಿ ಎದ್ದಿದ್ದಾಳೆ, ಆರೋಗ್ಯ ಕೊಡಲಿ, ವಿದ್ಯೆ ಕೊಡಲಿ. ಆ ಕಡೆ ಕೀಲಿಮಣೆ ಒತ್ತುವ ಟಕಟಕ.

"ಮೂಲಾ ಅಂದ್ರೆ... ಇನಿಷಿಯಲ್ಲಾ ಮೇಡಂ?"

"ಅಲ್ಲಮ್ಮ, ನಕ್ಷತ್ರ."

"ಓ. ಹಾಕ್ಕೊಂಡೆ ಮೇಡಂ."

ಹಾಕ್ಕೊಂಡೆ ಎಂದಾಗ ನನಗೆ ನೆಮ್ಮದಿಯೇ ಆಯಿತು. ಪ್ರಸಾದ ಕೈಗೆ ಬಂದಷ್ಟೇ ನೆಮ್ಮದಿ.

ಮುಂದಿನ ವಾರದಿಂದ ಕರೆಗಳು ಶುರುವಾದವು. ಅದೇ ಸಂಸ್ಥೆಯಿಂದ, ಆಮೇಲೆ ನಾನು ಹೆಸರೇ ಕೇಳದ ಬೇರೆ ಬೇರೆ ಕಡೆಗಳಿಂದ. ಅಂಧ ಮಕ್ಕಳು, ಮುದಿ ದನಗಳು, ಯಾರೂ ಇಲ್ಲದ ವೃದ್ಧರು. ಪ್ರತಿಯೊಬ್ಬರೂ ನನ್ನ ಹೆಸರಿಗಿಂತ ಮೊದಲು ಮಗಳ ಹೆಸರು ಹೇಳುತ್ತಿದ್ದರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಒಬ್ಬರು ಆಫೀಸಿನ ಕಪ್ಪು ಟೆಲಿಫೋನನ್ನು ಮೇಜಿನ ಮೇಲಿಟ್ಟು ನಮಗೆ ಫೋನಿನ ಮರ್ಯಾದೆ ಕಲಿಸಿದ್ದರು: ಮಾಡಿದವರು ಮೊದಲು ಇಡಬೇಕು, ಎತ್ತಿಕೊಂಡವರು ಕಾಯಬೇಕು. ನಾನು ಇವತ್ತಿಗೂ ಕಾಯುತ್ತೇನೆ. "ಮಗಳು ಹೇಗಿದ್ದಾಳೆ ಮೇಡಂ?" ಎಂದು ಕೇಳಿದರೆ ಉತ್ತರ ಕೊಡದಿರಲು ನನಗೆ ಬರುವುದಿಲ್ಲ. ಸುಮಾರು, ಪರವಾಗಿಲ್ಲ, ಕೂದಲು ಉದುರುತ್ತಿದೆ, ಪರೀಕ್ಷೆ ಹತ್ತಿರ ಬಂತು. ಹೀಗೆ ಕೇಳಿದ ಒಂದಕ್ಕೆ ಇನ್ನೊಂದು ಸೇರಿಸಿಯೇ ಹೇಳುತ್ತಿದ್ದೆ. ಅವರು ಇಡುವುದನ್ನು ಕಾಯುವಾಗ ಆ ಕಡೆಯ ಕೋಣೆಯ ಸದ್ದು ಕೇಳುತ್ತಿತ್ತು. ಬೇರೆ ದನಿಗಳು ಬೇರೆ ತಾಯಂದಿರಿಗೆ ಬೇರೆ ಮಕ್ಕಳ ಹೆಸರು ಹೇಳುತ್ತಿದ್ದವು. ಹಿಂದೆ ಒಂದು ಮಗು ಅಳುತ್ತಿತ್ತು. ಮೊದಲೆರಡು ಸಲ ಕರುಳು ಚುರುಕ್ಕೆಂದಿತು. ಆಮೇಲೆ ಗಮನಿಸಿದೆ: ಆ ಮಗು ಪ್ರತಿ ಸಲವೂ ಅತ್ತು, ಕೆಮ್ಮಿ, ಮತ್ತೆ ಅದೇ ರಾಗದಲ್ಲಿ ಅಳುತ್ತಿತ್ತು. ಬೇರೆ ಸಂಸ್ಥೆಯ ಕರೆಯಲ್ಲೂ ಅದೇ ಮಗು, ಅದೇ ಕೆಮ್ಮು.

ಕೊಡುವುದನ್ನು ನಿಲ್ಲಿಸಿದೆ. ಅಲ್ಲಿಂದ ಮಾತಿನ ಬಣ್ಣ ಬದಲಾಯಿತು.

ಅವತ್ತು ಬೆಳಿಗ್ಗೆ ಯಜಮಾನರೂ ಹೊರಟುಹೋದ ಮೇಲೆ, ತಟ್ಟೆ ತೊಳೆದ ಒದ್ದೆ ಕೈಯಲ್ಲೇ ಫೋನು ಎತ್ತಿಕೊಂಡೆ. ಈ ಸಲ ಗಂಡಸು. ಇತ್ತೀಚೆಗೆ ಅವನೇ ಮಾಡುತ್ತಿದ್ದ. ತಗ್ಗಿದ ದನಿ, ಎಲ್ಲೂ ಅವಸರವಿಲ್ಲ. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಮಗಳು ಹೊರಟಳಾ ಮೇಡಂ? ಇವತ್ತು ಪ್ರಾಕ್ಟಿಕಲ್ ಅಲ್ವಾ."

ಹಿಂದಿನ ಸಲ ನಾನೇ ಹೇಳಿದ್ದೆ. ಆದರೂ ಸೀರೆಯ ಸೆರಗಿನಲ್ಲಿ ಕೈ ಒರೆಸುತ್ತಿದ್ದವಳು ಹಾಗೇ ನಿಂತೆ.

"ಸರ್, ನೋಡಿ, ನನಗೆ ಇನ್ನು ಕೊಡೋಕೆ ಆಗಲ್ಲ. ದಯವಿಟ್ಟು ಕರೆ ಮಾಡಬೇಡಿ."

"ನೀವು ಕೊಡೋದು ಬಿಡೋದು ನಿಮ್ಮ ಇಷ್ಟ ಮೇಡಂ. ಆದ್ರೆ ಅವಳ ಹೆಸರಲ್ಲಿ ಶುರು ಮಾಡಿದ್ದು. ಮೂಲಾ ಬೇರೆ. ಅರ್ಧಕ್ಕೆ ಬಿಟ್ರೆ ಯಾರಿಗೆ ತಾಗುತ್ತೆ ಹೇಳಿ?"

ಅರ್ಥ ಗೊತ್ತಿದ್ದು ಹೊರಗಿನವರೊಬ್ಬರು ಆ ನಕ್ಷತ್ರದ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೀಲಿಮಣೆ ಒತ್ತಿದ ಹುಡುಗಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು.

"ಅವಳ ಹೆಸರು ತೆಗೆದುಬಿಡಿ," ಎಂದೆ. "ನನ್ನದು ಬೇಕಾದರೆ ಇಟ್ಟುಕೊಳ್ಳಿ. ಅವಳದು ತೆಗೆಯಿರಿ."

"ಹೆಸರು ತೆಗೆಯೋದಾ?" ಅವನು ಮೆಲ್ಲಗೆ ನಕ್ಕ. "ಬದುಕಿರೋರ ಹೆಸರು ಯಾರಾದ್ರೂ ತೆಗೀತಾರಾ ಮೇಡಂ? ಹಾಗನ್ನಬಾರ್ದು. ನೀವು ತಾಯಿ."

ಆ ಕಡೆ ಮಗು ಅತ್ತಿತು, ಕೆಮ್ಮಿತು.

"ಇರ್ಲಿ. ನಮ್ಮವರು ಕುಶಾಲನಗರದ ಕಡೆ ಇದ್ದಾರೆ ಈ ವಾರ. ಮುಖಾಮುಖಿ ಮಾತಾಡಿದ್ರೆ ಎಲ್ಲ ಸರಿಹೋಗುತ್ತೆ."

"ಬರೋದು ಬೇಡ," ಎಂದೆ. ಅವನು ಇಡಲಿಲ್ಲ, ಮಾತೂ ಆಡಲಿಲ್ಲ. ಸಿಸ್ಟರ್ ಕಲಿಸಿದ ಮರ್ಯಾದೆಯನ್ನು ಜೀವಮಾನದಲ್ಲಿ ಮೊದಲ ಸಲ ಮುರಿದು ನಾನೇ ಕರೆ ಕತ್ತರಿಸಿದೆ. ಬೆರಳು ಒದ್ದೆಯಿದ್ದದ್ದರಿಂದ ಗಾಜಿನ ಮೇಲೆ ಎರಡು ಸಲ ಜಾರಿತು.

ಮಧ್ಯಾಹ್ನ ಊಟಕ್ಕೆ ಬಂದಾಗ ಯಜಮಾನರಿಗೆ ಹೇಳಿದೆ. ಅವರು ಸಾರಿನಲ್ಲಿ ಅನ್ನ ಕಲಸುತ್ತಾ ಕೇಳಿಸಿಕೊಂಡರು.

"ಅಲ್ವೇ, ಪೇಟೆಗೆ ಬಂದ್ರೆ ಸೊಪ್ಪಿನೋಳ ಹತ್ರ ಅರ್ಧ ಗಂಟೆ ಚೌಕಾಸಿ ಮಾಡ್ತೀಯ. ಫೋನಲ್ಲಿ ಯಾವನೋ ಕೇಳಿದ್ರೆ ಮನೆ ಪುರಾಣ ಪೂರ್ತಿ ಬಿಚ್ತೀಯ."

"ಅವರು ಕೇಳಿದ್ದು ಯಾರ ಹೆಸರಿಗೆ ಅಂತ."

"ಅದಕ್ಕೆ ನಕ್ಷತ್ರ ಹೇಳಿದ್ಯಾ? ಗೋತ್ರ ಒಂದು ಬಿಟ್ಯಲ್ಲ, ಅದನ್ನೂ ಹೇಳ್ಬೇಕಿತ್ತು." ನಗುತ್ತಲೇ ಎಡಗೈಯಲ್ಲಿ ನನ್ನ ಫೋನು ತೆಗೆದುಕೊಂಡು ಏನೋ ಒತ್ತಿದರು. "ತಗೋ, ಬ್ಲಾಕ್ ಮಾಡಿದೀನಿ. ಇಲ್ಲಿಗೆ ಮುಗೀತು. ಮಜ್ಜಿಗೆ ಹಾಕು."

"ನಮ್ಮ ಕಡೆ ಬರ್ತಾರಂತೆ."

"ಬರ್ಲಿ. ಶುಂಠಿ ಮೂಟೆ ಹೊರೋಕೆ ಆಳಿಲ್ಲ, ಅವರನ್ನೇ ಹೊರಿಸ್ತೀನಿ. ಅವರಿಗೆ ನಮ್ಮ ಮನೆ ಎಲ್ಲಿದೆ ಅಂತ ಗೊತ್ತಾ?"

ರಸೀದಿ ಅಂಚೆಯಲ್ಲಿ ಬಂದಿತ್ತು, ವಿಳಾಸ ಅವರ ಹತ್ತಿರ ಇತ್ತು. ಇದನ್ನು ಹೇಳಿದಾಗ ಯಜಮಾನರ ಕೈ ತಟ್ಟೆಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ, "ನಾಳೆ ಬಿಡುವಾದ್ರೆ ಸ್ಟೇಷನ್ನಿಗೆ ಹೋಗಿ ಒಂದು ಮಾತು ಹೇಳಿ ಬರೋಣ," ಎಂದು ಕೈ ತೊಳೆದರು. ಹೊರಡುವಾಗ ಎಂದೂ ಇಲ್ಲದ್ದು, ಗೇಟಿನ ಚಿಲಕ ತಾವೇ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಫೋನು ಒಂದೇ ಸಮನೆ ಸುಮ್ಮನಿತ್ತು. ದಿನಾ ಆ ಹೊತ್ತಿಗೆ ಒಂದೆರಡು ಕರೆ ಬರುವುದು ರೂಢಿಯಾಗಿಬಿಟ್ಟಿತ್ತು. ಒಂದು ನಂಬರನ್ನು ತಡೆದರೆ ಉಳಿದವರೂ ಯಾಕೆ ಸುಮ್ಮನಾಗಬೇಕು? ಮಗಳಿಗೆ ಮೆಸೇಜು ಹಾಕಿದೆ. ಲ್ಯಾಬಿನಲ್ಲಿ ಇರಬೇಕು, ಉತ್ತರ ಬರಲಿಲ್ಲ. ಬೀಗ ಹಾಕಿ ಗುಡಿಗೆ ಹೊರಟೆ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಕೂತು ಕರಿಮೆಣಸು ಹರವುತ್ತಿದ್ದರು. "ಗುಡಿಗೆ ಹೋಗಿ ಬರ್ತೀನಿ, ಮನೆ ಕಡೆ ನೋಡ್ಕೊಳ್ಳಿ," ಎಂದೆ.

"ನೋಡ್ಕೊಳ್ಳುದೆಂತ, ನಾನೆಲ್ಲಿಗೆ ಹೋಗ್ತೇನೆ? ಹೋಗಿ ಬನ್ನಿ."

ಗುಡಿಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಮುಚ್ಚಿದ್ದ ಬಾಗಿಲು ಆಗಷ್ಟೇ ತೆರೆದಿತ್ತು. ಅರ್ಚಕರ ಮುಖದಲ್ಲಿ ನಿದ್ದೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಹಣ್ಣುಕಾಯಿಯ ತಟ್ಟೆ ತೆಗೆದುಕೊಂಡು, ಕಾಯಿಯ ಜುಟ್ಟು ಕೀಳುತ್ತಾ, ನನ್ನ ಮದುವೆಯಾದಾಗಿನಿಂದ ಕೇಳುತ್ತಾ ಬಂದ ಮಾತನ್ನೇ ಕೇಳಿದರು.

"ಯಾರ ಹೆಸರಿಗಮ್ಮ?"

ಬಾಯಿ ತೆರೆದೆ. ಮಗಳ ಹೆಸರು ತುಟಿಯವರೆಗೂ ಬಂತು. ಗರ್ಭಗುಡಿಯ ಬಾಗಿಲ ಪಕ್ಕದ ಗೂಡಿನಲ್ಲಿ ಅವರ ಮೊಬೈಲು ಚಾರ್ಜಿಗೆ ಹಾಕಿತ್ತು, ಅದರ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ಬೇರೆ ದಿನವಾಗಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ.

"ಯಾಕಮ್ಮ? ಮಗಳ ಹೆಸರಿಗೇ ತಾನೆ? ಮೂಲಾ..." ಎಂದು ಅವರೇ ಶುರುಮಾಡಿದರು.

"ಬೇಡ," ಎಂದುಬಿಟ್ಟೆ. ನನ್ನ ದನಿ ಕಲ್ಲಿನ ಗೋಡೆಗೆ ಬಡಿದು ದೊಡ್ಡದಾಗಿ ಕೇಳಿತು. "ಇವತ್ತು ದೇವರ ಹೆಸರಿಗೇ ಮಾಡಿಬಿಡಿ."

ಅವರು ನನ್ನನ್ನು ಒಂದು ಸಲ ನೋಡಿ, ತಟ್ಟೆ ಹಿಡಿದು ಒಳಗೆ ಹೋದರು. ಗಂಟೆ ಬಾರಿಸುವಾಗ ನಾನು ಕೈ ಮುಗಿದು ನಿಂತಿದ್ದೆ. ಬೇಡಿಕೊಳ್ಳುವುದೇನೆಂದು ಮನಸ್ಸಿನಲ್ಲೂ ಹೇಳಿಕೊಳ್ಳಲು ಧೈರ್ಯವಾಗಲಿಲ್ಲ. ಅವಳ ಹೆಸರು ಆ ಫೋನಿನವರ ಬಾಯಿಂದ ನನಗೆ ವಾಪಸು ಬರಲಿ, ಅಷ್ಟೇ ಬೇಕಿತ್ತು. ಕೊಟ್ಟ ಹಣ ಹೋಗಲಿ. ಹೆಸರು ಬೇಕು.

ಅಲ್ಲಿಂದ ಮನೆಗೆ ಬರದೆ ಗುಡಿಯ ಜಗಲಿಯಲ್ಲೇ ಬಹಳ ಹೊತ್ತು ಕೂತೆ. ಅಲ್ಲಿ ಕೂತಷ್ಟು ಹೊತ್ತು ಮನೆಯ ಗೇಟಿನ ಮುಂದೆ ಯಾರೋ ನಿಂತಿರುವುದನ್ನು ನೋಡಬೇಕಾಗುವುದಿಲ್ಲ ಎನ್ನುವ ಮಕ್ಕಳಾಟದ ಲೆಕ್ಕ ನನ್ನದು. ಬಿಸಿಲು ಕಂದುವ ಹೊತ್ತಿಗೆ ಎದ್ದೆ. ಗೇಟಿನ ಮುಂದೆ ಯಾರೂ ಇರಲಿಲ್ಲ. ಚಿಲಕ ಮಾತ್ರ ತೆಗೆದಿತ್ತು. ಹೊರಡುವ ಗಡಿಬಿಡಿಯಲ್ಲಿ ನಾನೇ ಮರೆತಿರಬೇಕು ಅಂದುಕೊಂಡೆ. ಬೆಳಗಿನ ರಂಗೋಲಿಯ ಒಂದು ಮೂಲೆ ಅಳಿಸಿತ್ತು. ನಾನೇ ತುಳಿದೆನೇನೋ ಎಂದು ಅಲ್ಲೇ ಕಾಲಿಟ್ಟು ನೋಡಿದೆ. ನನ್ನ ಚಪ್ಪಲಿಗೆ ಅದು ಹೊಂದಲಿಲ್ಲ.

ಆಮೇಲೆ ಗೇಟಿನಲ್ಲೇ ನಿಂತೆ. ಸಂಜೆಯ ಮಂಜು ಮೊದಲು ಕೊಯ್ಲಾದ ಗದ್ದೆಯಲ್ಲಿ ಕಾಣಿಸಿಕೊಂಡು, ನಿಧಾನವಾಗಿ ರಸ್ತೆಯ ಕಡೆಗೆ ಬರುತ್ತಿತ್ತು. ಹೊಲಿಗೆ ಅಂಗಡಿಯ ದೀಪ ಹತ್ತಿತು. ಅದರ ಪಕ್ಕದಲ್ಲಿ ಗಿರಾಕಿಯದೇನೋ, ಒಂದು ಕಾರು ನಿಂತಿತ್ತು. ಮಡಿಕೇರಿಯ ಬಸ್ಸು ಬಂದು ನಿಂತು ಹೋದ ಮೇಲೆ ಇಬ್ಬರು ಮೂವರು ಇಳಿದದ್ದು ಕಂಡಿತು, ಯಾರು ಯಾರೆಂದು ಕಾಣಲಿಲ್ಲ. ಒಬ್ಬಳು ಈ ಕಡೆ ತಿರುಗಿದಳು. ಬ್ಯಾಗಿನ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಬರುವ ಆ ಕೋತಿ ಚೇಷ್ಟೆ ನನ್ನ ಮಗಳದೇ. ಗೇಟಿನ ಕಂಬಕ್ಕೆ ಒರಗಿಕೊಂಡೆ.

"ಏನಮ್ಮ, ಗೇಟಿಗೆ ಒರಗ್ಕೊಂಡು ಸಿನಿಮಾ ಹೀರೋಯಿನ್ ಥರ ನಿಂತಿದೀಯ?"

"ಮೆಸೇಜಿಗೆ ಯಾಕೆ ಉತ್ತರ ಕೊಡ್ಲಿಲ್ಲ?"

"ಬ್ಯಾಟ್ರಿ ಸತ್ತಿತ್ತು. ಹೊಟ್ಟೆ ಹಸಿದು ನಾನೂ ಸಾಯ್ತಿದೀನಿ. ತಿನ್ನೋಕೇನಿದೆ?"

"ಆ ಮಾತು ಆಡ್ಬೇಡ," ಎಂದು ಗದರಿದೆ. ಅವಳು ಹುಬ್ಬೇರಿಸಿ ನನ್ನನ್ನು ನೋಡಿ, ಕೆನ್ನೆ ಚಿವುಟಿ ಒಳಗೆ ಹೋದಳು. ಬಚ್ಚಲಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವ ಸದ್ದು, ಚೊಂಬು ಇಟ್ಟ ಸದ್ದು, ಅಡುಗೆಮನೆಯಲ್ಲಿ ಡಬ್ಬಿ ತೆಗೆದ ಸದ್ದು. ಒಂದೊಂದನ್ನೂ ನಿಂತು ಕೇಳಿಸಿಕೊಂಡೆ. ಇಷ್ಟೇ ತಾನೆ, ಯಾವನೋ ಎಲ್ಲೋ ಕೂತು ಹೆದರಿಸಿದ್ದಕ್ಕೆ ಇಡೀ ದಿನ ಹಾಳುಮಾಡಿಕೊಂಡೆನಲ್ಲ ಎಂದು ನಗುವೂ ಬಂತು. ನಾಳೆ ಯಜಮಾನರು ಹೇಳಿದ ಹಾಗೆ ಸ್ಟೇಷನ್ನಿಗೆ ಒಂದು ಮಾತು ಹೇಳಿದರೆ ಮುಗಿಯಿತು.

ಪಕ್ಕದ ಮನೆಯಾಕೆ ಮೆಣಸಿನ ಚಾಪೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕಾಂಪೌಂಡಿನ ಹತ್ತಿರ ಬಂದರು. ಮುಖದಲ್ಲಿ ತುಂಟ ನಗು.

"ಅಕ್ಕಾ, ನೀವು ಭಾರೀ ಗಟ್ಟಿಗರು. ಬೆಳಿಗ್ಗೆ ಕೇಳಿದ್ರೆ ಓದು ಮುಗೀಲಿ ಅಂದ್ರಿ. ನೋಡಿದ್ರೆ ಒಳಗಿಂದೊಳಗೇ ಗಂಡು ಗೊತ್ತು ಮಾಡ್ತಿದ್ದೀರಿ."

"ಯಾವ ಗಂಡು?" ಎಂದೆ.

"ನಾಟಕ ಬೇಡ. ನೀವು ಗುಡಿಗೆ ಹೋಗಿದ್ದೇ ತಡ, ಕಾರಲ್ಲಿ ಗಂಡಸು ಹೆಂಗಸು ಇಬ್ರು ಬಂದ್ರು. ನಿಮ್ಮ ಗೇಟು ತೆಗೆದು ಕರೆದು ನೋಡಿದ್ರು, ಆಮೇಲೆ ಇಲ್ಲಿಗೆ ಬಂದ್ರು. ಗೂಡೆ ಹೆಸರು, ಕಾಲೇಜು, ಜ್ವರ ಬಂದದ್ದು, ಎಲ್ಲ ಹೇಳ್ತಾರೆ! ನಕ್ಷತ್ರ ಗೊತ್ತಿದ್ದ ಮೇಲೆ ಗಂಡಿನ ಕಡೆಯವ್ರೇ ಅಂತ ನಾನು ಕಾಫಿ ಕೊಟ್ಟೆ. ಪಾಪ, ಮರ್ಯಾದಸ್ಥರು, ಮಾತೆಲ್ಲ ಎಷ್ಟು ಮೆತ್ತಗೆ. ಬಸ್ಸು ನಿಲ್ಲೋ ಜಾಗ ತೋರಿಸಿದೆ, ಗೂಡೆ ಇಳಿಯುದನ್ನ ಕಾರಲ್ಲೇ ಕೂತು ನೋಡ್ಕೊಂಡು ಹೋದ್ರು. ನಾಳೆಯೂ ಇದೇ ಬಸ್ಸಾ ಅಂತ ಕೇಳಿದ್ರು, ಹೌದು ಅಂದೆ. ಅಲ್ಲ ಮಾರಾಯ್ತಿ, ಮೂಲಾ ಅಂತ ನಂಗೊಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"